ದ್ವೀಪದ ಮಗ್ಗುಲಲ್ಲಿ ಲಂಗರು

ನಾನು ಕಾಪುವಿನ ಮೀನುಗಾರರ ಮನೆಯ ಮಗಳು. ನನ್ನ ಗಂಡ ಕಾರ್ಕಳದವರು. ಸಮುದ್ರದ ಸಹವಾಸವೇ ಬೇಡವೆಂದು ನಾನು ಅವರನ್ನು ಒಪ್ಪಿದ್ದು. ನನ್ನ ಅಪ್ಪ ನಾಡದೋಣಿಯಲ್ಲಿ ಹೋಗುತ್ತಿದ್ದರು, ಪ್ರತಿಸಲ ಸುಖವಾಗಿ ಮರಳಿಯೂ ಬರುತ್ತಿದ್ದರು. ಆದರೂ ಅಮ್ಮ ದಡದಲ್ಲಿ ನಿಂತು, ಯಾರ ಜೊತೆಗೂ ಮಾತಾಡದೆ, ನೀರನ್ನೇ ನೋಡುತ್ತಿದ್ದಳು. ಅದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಹುಡುಗ ಮಸ್ಕತ್ತಿನಲ್ಲಿ ಗೋದಾಮು ನೋಡಿಕೊಳ್ಳುವವನು, ಊರಿನಲ್ಲಿ ಬರೀ ಬಂಡೆ ಮತ್ತು ಗುಡ್ಡ ಎಂದು ಕೇಳಿದ ಕೂಡಲೇ ಹೂಂ ಎಂದೆ.

ಬಂಡೆಯ ಊರಿನವರನ್ನೂ ನಂಬುವ ಹಾಗಿಲ್ಲ. ಮಸ್ಕತ್ತಿನಲ್ಲಿ ರಜಾದಿನ ಹೊತ್ತು ಹೋಗದೆ ಯಾರದೋ ಜೊತೆ ಹಾಯಿದೋಣಿ ಹತ್ತಿದರಂತೆ, ಅಲ್ಲಿಂದ ಹುಚ್ಚು ಹಿಡಿಯಿತು. ಕೆಲಸ ಬಿಟ್ಟು ಊರಿಗೆ ಬಂದವರು ಬನ್ನಂಜೆಯ ನಮ್ಮ ಫ್ಲಾಟಿಗೆ ಸೋಫಾ ತರುವ ಮೊದಲೇ ಗೋವಾದಿಂದ ಒಂದು ಹಳೆಯ ಹಾಯಿದೋಣಿ ತಂದರು. ಎರಡು ಹಾಯಿ, ಒಂದು ಸಣ್ಣ ಡೀಸೆಲ್ ಎಂಜಿನ್, ಒಳಗೆ ಇಬ್ಬರು ಮಲಗುವಷ್ಟು ಜಾಗ. ಅದನ್ನು ನದಿಯ ಅಳಿವೆಯ ಒಳಗೆ ಕಟ್ಟಿಟ್ಟು, ಮನೆಯಲ್ಲಿ ಊಟದ ಹೊತ್ತಿಗೆ ತಟ್ಟೆಯ ಸುತ್ತ ಉಪ್ಪಿನಕಾಯಿ ಬಾಟಲಿ, ಚಮಚ ಜೋಡಿಸಿ ಲಂಗರು ಹೇಗೆ ಹಾಕುವುದು ಎಂದು ಪಾಠ ಮಾಡುತ್ತಿದ್ದರು. ನಾನು ಸಾರು ಬಡಿಸುತ್ತಿದ್ದೆ.

ಅವರ ಆಸೆ ಇಷ್ಟೇ. ಮಳೆಗಾಲ ಮುಗಿದ ಮೇಲೆ ನಾವಿಬ್ಬರೂ ಅದರಲ್ಲಿ ನಿಧಾನಕ್ಕೆ ಕೇರಳದವರೆಗೆ, ಆಮೇಲೆ ಧೈರ್ಯ ಬಂದರೆ ಲಕ್ಷದ್ವೀಪದವರೆಗೆ ಹೋಗಬೇಕು. ನಾನು ಬರುವುದಿಲ್ಲ ಎಂದೆ. ನಮ್ಮ ಮನೆಯಲ್ಲಿ ಹೆಂಗಸರು ಮೀನು ಮಾರುತ್ತಿದ್ದರು, ದೋಣಿ ಹತ್ತುತ್ತಿರಲಿಲ್ಲ. ಅವರು ಜಗಳವಾಡಲಿಲ್ಲ. "ಒಂದೇ ಒಂದು ದಿನ ಬಾ. ಹಿಡಿಸದಿದ್ದರೆ ದೋಣಿಯನ್ನು ಗೋವಾದವನಿಗೇ ವಾಪಸು ಕೊಡುತ್ತೇನೆ, ಮತ್ತೆ ಆ ಸುದ್ದಿ ಇಲ್ಲ" ಎಂದರು. ಹೇಳಿದರೆ ಹೇಳಿದ ಹಾಗೆ ಮಾಡುವ ಮನುಷ್ಯ. ಹಾಗಾಗಿ ಬರುವುದಿಲ್ಲ ಎನ್ನಲು ನನಗೆ ಇನ್ನಷ್ಟು ಕಷ್ಟವಾಯಿತು.

ಡಿಸೆಂಬರಿನ ಒಂದು ಬೆಳಿಗ್ಗೆ ಹೊರಟೆವು. ಹೋದದ್ದು ಜನವಸತಿಯಿಲ್ಲದ ಒಂದು ಸಣ್ಣ ದ್ವೀಪಕ್ಕೆ. ನಾಲ್ಕಾರು ತೆಂಗಿನ ಮರ, ಕಪ್ಪು ಬಂಡೆ, ಚಿಪ್ಪು ಬೆರೆತ ಮರಳು, ಕುಡಿಯುವ ನೀರಿಲ್ಲ. ನಮ್ಮ ಕಡೆಯವರು ಅದನ್ನು ಬರೀ 'ಕಲ್ಲು' ಎನ್ನುತ್ತಾರೆ. ಅಪ್ಪನ ಬಾಯಲ್ಲಿ ನೂರು ಸಲ ಕೇಳಿದ್ದೆ, ಕಂಡದ್ದು ಅಂದೇ.

ಲಂಗರು ಹಾಕುವಾಗ ಅವರು ದೋಣಿಯ ಮುಂದೆ, ನಾನು ಹಿಂದೆ ಚುಕ್ಕಾಣಿ ಹಿಡಿದು. ಎಂಜಿನ್ನಿನ ಸದ್ದಿಗೆ ಮಾತು ಕೇಳಿಸುವುದಿಲ್ಲ, ಆದ್ದರಿಂದ ಕೈಸನ್ನೆ. ಮುಷ್ಟಿ ಎತ್ತಿದರೆ ನಿಲ್ಲಿಸು, ಬಲಗೈ ಚಾಚಿದರೆ ಬಲಕ್ಕೆ. ಅವರು ನಡುವೆ ತಲೆ ಕೆರೆದುಕೊಂಡರು. ಅದೂ ಸನ್ನೆಯೇ ಇರಬೇಕೆಂದು ನಾನು ದೋಣಿಯನ್ನು ಒಂದು ಸುತ್ತು ಸುತ್ತಿಸಿದೆ. ಅವರು ತಿರುಗಿ, ಮೂಗಿನ ತುದಿಯ ಕೋಪವನ್ನು ನುಂಗಿಕೊಂಡು, ಕೈಮುಗಿದರು. ಎರಡನೆಯ ಸಲ ಬಂಡೆಗಳ ನಡುವಿನ ಮರಳಿಗೆ ಲಂಗರು ಇಳಿಯಿತು. ಸರಪಳಿಯನ್ನು ಕೊಕ್ಕೆಗೆ ಸಿಕ್ಕಿಸಿ, ಎಂಜಿನ್ ನಿಲ್ಲಿಸಿ, ಅಕ್ಕಿ ಉಂಡೆಯ ಪುಂಡಿ ಮತ್ತು ಬಂಗುಡೆ ಸಾರು ತಿಂದೆವು. ಗಾಳಿ ಸತ್ತಿತ್ತು. ನೀರಿನ ತಳ ಕಾಣುತ್ತಿತ್ತು. ಚೆನ್ನಾಗಿದೆ ಎಂದು ನನಗೆ ಅನ್ನಿಸಿತು, ಹೇಳಲಿಲ್ಲ.

"ಇಳಿಯಲಿಕ್ಕೆ ಸರಿಯಾದ ಜಾಗ ಎಲ್ಲುಂಟು ಅಂತ ನೋಡಿ, ಬಂದು ನಿನ್ನನ್ನು ಕರಕೊಂಡು ಹೋಗ್ತೇನೆ" ಎಂದು ಅವರು ರಬ್ಬರ್ ದೋಣಿ ಇಳಿಸಿ, ಹುಟ್ಟು ಹಾಕುತ್ತ ನನಗೆ ಬೆನ್ನು ಮಾಡಿ ಹೊರಟರು.

ಸ್ವಲ್ಪ ದೂರ ಹೋಗಿದ್ದರಷ್ಟೆ. ಆಗ ಪಡುಗಾಳಿ ಎದ್ದಿತು. ದೋಣಿ ನಿಂತಲ್ಲೇ ಮೆಲ್ಲಗೆ ಮುಖ ತಿರುಗಿಸಿತು. ತಿರುಗಿದ್ದು ಸರಿ, ಆದರೆ ನಿಲ್ಲಲಿಲ್ಲ. ತೆಂಗಿನ ಮರದ ನೇರಕ್ಕಿದ್ದ ಬಂಡೆ ಮರವನ್ನು ಬಿಟ್ಟು ಪಕ್ಕಕ್ಕೆ ಸರಿಯತೊಡಗಿತು. ಲಂಗರು ಕಿತ್ತು ಬಂದಿದೆ ಎಂದು ಗೊತ್ತಾಗಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಿಂದಕ್ಕೆ ನೋಡಿದರೆ ನೀರೊಳಗೆ ಇನ್ನೊಂದು ಬಂಡೆಯ ಕಪ್ಪು.

ಒಂದು ಕೂಗು ಹಾಕಿದ್ದರೆ ಅವರು ತಿರುಗುತ್ತಿದ್ದರು. ಬಾಯಿ ತೆರೆದೆ, ಹಾಗೇ ಮುಚ್ಚಿಕೊಂಡೆ. ನೀರಿಗೆ ಹೊರಟವರನ್ನು ಹಿಂದಿನಿಂದ ಕರೆಯಬಾರದು. ನಮ್ಮ ಮನೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ, ಹಾಗೇ ಇತ್ತು. ಅಪ್ಪ ಬುತ್ತಿ ಮರೆತು ಹೊರಟರೆ ಅಮ್ಮ ಕರೆಯುತ್ತಿರಲಿಲ್ಲ. ಸೀರೆ ನೆನೆದರೂ ಸರಿ, ಓಡಿ, ಅವರನ್ನು ದಾಟಿ, ನೀರಿನಲ್ಲಿ ಎದುರು ಹೋಗಿ ನಿಂತ ಮೇಲೆಯೇ ಬಾಯಿ ತೆರೆಯುತ್ತಿದ್ದಳು. ನಾನು ಮಣಿಪಾಲದಲ್ಲಿ ಇಪ್ಪತ್ತು ವರ್ಷ ಆಫೀಸಿನಲ್ಲಿ ಕೂತು ಕಂಪ್ಯೂಟರ್ ಕುಟ್ಟಿದವಳು. ಕರೆದರೆ ಏನಾಗುತ್ತದೆ ಎಂದು ಕೇಳಿದರೆ ನಗುತ್ತಿದ್ದೆ. ಆದರೆ ಅಲ್ಲಿ, ಅವರ ಬೆನ್ನು ನೋಡುತ್ತ, ನನ್ನಿಂದ ಆಗಲಿಲ್ಲ. ಎದುರು ಹೋಗಿ ನಿಲ್ಲಲು ದಾರಿಯೂ ಇರಲಿಲ್ಲ.

ದೋಣಿಯ ಮುಂದಕ್ಕೆ ತೆವಳಿಕೊಂಡೇ ಹೋದೆ. ಲಂಗರು ಜಾರಿದರೆ ಇನ್ನಷ್ಟು ಸರಪಳಿ ಬಿಡಬೇಕು, ತಳದಲ್ಲಿ ಉದ್ದಕ್ಕೆ ಮಲಗಿದ ಸರಪಳಿಯೇ ಅದನ್ನು ಮರಳಿಗೆ ಕಚ್ಚಿಸುತ್ತದೆ ಎಂದು ಚಮಚ ಇಟ್ಟು ಎಷ್ಟು ಸಲ ಹೇಳಿದ್ದರು. ಸಾರು ಬಡಿಸುತ್ತಿದ್ದವಳ ಕಿವಿಗೂ ಅದು ಬಿದ್ದಿತ್ತು ಕಾಣುತ್ತದೆ. ಕೊಕ್ಕೆ ಬಿಡಿಸಿದೆ. ಸರಪಳಿ ದಡದಡ ಸದ್ದು ಮಾಡುತ್ತ ನೀರಿಗೆ ಓಡಿತು. ಕೊನೆಯವರೆಗೆ ಓಡಿ, ಅದರ ತುದಿಯನ್ನು ದೋಣಿಗೆ ಕಟ್ಟಿದ್ದ ಹಗ್ಗ ಬಿಗಿದು, ಒಂದು ಜಗ್ಗು ಜಗ್ಗಿತು. ಬಂಡೆ ಸರಿಯುವುದು ನಿಂತಿತು. ನಾನು ಅಲ್ಲೇ ಕುಕ್ಕರಿಸಿದೆ.

ಸರಪಳಿಯ ಸದ್ದಿಗೆ ಅವರು ತಿರುಗಿದ್ದರು. ಎದುರುಗಾಳಿಯಲ್ಲ, ಬೇಗ ಬಂದರು. ಹತ್ತಿದವರು ಮೊದಲು ಹಿಂದಿನ ಬಂಡೆ ನೋಡಿದರು, ಆಮೇಲೆ ನನ್ನನ್ನು.

"ಎಂತ ಮಾರಾಯ್ತಿ, ನನ್ನನ್ನು ಒಂದು ಸಲ ಕರೆಯಬಾರದಿತ್ತಾ?"

"ಹೊರಟವರನ್ನು ಹಿಂದಿನಿಂದ ಕರೆಯುವುದಿಲ್ಲ" ಎಂದೆ.

"ದೋಣಿ ಬಂಡೆಗೆ ಬಡಿದರೂ?"

"ಬಡಿದರೂ."

ಕಾರ್ಕಳದ ಮನುಷ್ಯ ನನ್ನ ಪಕ್ಕದಲ್ಲಿ ಕುಳಿತರು. ನನ್ನ ಅಂಗೈ ಕೊಕ್ಕೆಗೆ ತರಚಿ ರಕ್ತ ಬರುತ್ತಿತ್ತು. ಅದನ್ನು ಹಿಡಿದುಕೊಂಡು, ಕುಡಿಯುವ ನೀರಿನಲ್ಲಿ ತೊಳೆದು, ತಮ್ಮ ಕರ್ಚೀಫು ಕಟ್ಟಿದರು. ಆ ಮನುಷ್ಯನ ಮೇಲೆ ನನಗೆ ಅಂದು ಬಂದಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

"ಸಾಕು. ಒಬ್ಬಳನ್ನೇ ಬಿಟ್ಟು ಹೋದದ್ದು ನನ್ನ ತಪ್ಪು. ನಾಳೆ ಗೋವಾದವನಿಗೆ ಫೋನ್ ಮಾಡ್ತೇನೆ" ಎಂದರು. ಮುಖ ಬೇರೆ ಕಡೆ ತಿರುಗಿಸಿ ಹಾಯಿಯ ಹಗ್ಗವನ್ನು ಸುಮ್ಮನೆ ಸುತ್ತತೊಡಗಿದರು.

ದೋಣಿ ಗಾಳಿಗೆ ಮುಖ ಕೊಟ್ಟು ಗಟ್ಟಿಯಾಗಿ ನಿಂತಿತ್ತು. ಅದನ್ನು ನಿಲ್ಲಿಸಿದವಳು ನಾನು.

"ಮಾರಬೇಡಿ" ಎಂದೆ.

ಅವರು ಹಗ್ಗ ಸುತ್ತುವುದನ್ನು ನಿಲ್ಲಿಸಿದರು. "ನಿನಗೆ ಹೆದರಿಕೆ ಆಗಲಿಲ್ವಾ?"

"ಆಯಿತು, ತುಂಬಾ ಆಯಿತು. ಆದರೆ ದಡದಲ್ಲಿ ನಿಂತು ಹೆದರುವುದಕ್ಕಿಂತ ಇದು ಸುಲಭ ಉಂಟು."