ಹುಡುಗಿಗಿಂತ ಮೊದಲು ಹೊರಟ ಚೀಲ

ಕಳೆದ ಭಾನುವಾರ ಸಂಜೆ ನಮ್ಮ ಚಂದನಾಳ ಚೀಲ ಪಕ್ಕದ ಮನೆಗೆ ಪ್ರಯಾಣ ಹೊರಟಿತು. ಚೀಲ ಮಾತ್ರ. ಚಂದನಾ ನಮ್ಮನೆ ಸೋಫಾದ ಮೇಲೆ ಉಗುರು ಕಚ್ಚುತ್ತ ಕೂತಿದ್ದಳು.

ಚಂದನಾ ನನ್ನ ತಮ್ಮನ ಮಗಳು. ಊರು ಗುಬ್ಬಿ ಕಡೆಯ ಕಡಬ. ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿದ್ದೇ ತಡ, ಬಟವಾಡಿಯಲ್ಲಿ ನಮ್ಮ ಮನೆಗೆ ಹತ್ತಿರದ ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ರಿಪೋರ್ಟ್ ಆಗಬೇಕು. ಸಿಹಿ ಹಂಚಿದರೆ ಮುಗಿಯಿತಲ್ಲ?

ಎಲ್ಲಿ ಮುಗಿಯುತ್ತೆ? ಮನೆಯಲ್ಲಿ ನಮ್ಮಮ್ಮ ಇದ್ದಾರೆ. ಅವರ ಕೈಗೆಟಕುವ ಹಾಗೆ ಪಂಚಾಂಗವೂ ಇದೆ.

“ಸೋಮ್ವಾರ ಏಳೂವರೆಗೆಲ್ಲಾ ರಾಹುಕಾಲ ಕಣೋ. ಹೊಸಾ ಕೆಲ್ಸಕ್ಕೆ ಆ ಹೊತ್ತಲ್ಲಿ ಕಾಲಿಡ್ತಾಳಾ?”

“ಲೇಟಾದ್ರೆ ವಾಪಸ್ ಅಜ್ಜಿ. ಬಿಳಿ ಕೋಟ್ ಇಲ್ದೆ ಹೋದ್ರೂ ವಾಪಸ್. ಇನ್ನೊಬ್ಳು ಕಾಯ್ತಾವ್ಳೆ ಅಂತ ಮೇಡಂ ಫೋನಲ್ಲೇ ಹೇಳವ್ರೆ” ಅಂದಳು ಚಂದನಾ.

ಅಮ್ಮನ ಬಳಿ ಇದಕ್ಕೂ ಮದ್ದಿತ್ತು. ಪರಸ್ಥಾನ ಇಡುವುದು. ಹೊರಡುವ ಹೊತ್ತು ಸರಿಯಿಲ್ಲದಿದ್ದರೆ, ಮೊದಲೇ ಒಳ್ಳೆಯ ಗಳಿಗೆ ನೋಡಿ ನಿಮ್ಮ ಗಂಟನ್ನು ಬೇರೊಂದು ಮನೆಯಲ್ಲಿ ಇಟ್ಟುಬಿಡುವುದು. ಅಲ್ಲಿಗೆ ಪ್ರಯಾಣ ಶುರುವಾದ ಹಾಗೆ. (ನಮ್ಮ ಹಿರಿಯರು ರಾಹುವಿಗೂ ಬೈಪಾಸ್ ಮಾಡಿಟ್ಟಿದ್ದಾರೆ.)

“ಯಾವ್ದಾದ್ರೂ ಹಳೇ ಚೀಲ ಇಡಮ್ಮ” ಅಂದೆ.

“ರಾಹೂನೇ ಏಮಾರಿಸ್ತೀಯೇನ್ಲಾ? ಕೆಲ್ಸದ್ದೇ ಇಡ್ಬೇಕು.”

ಹಾಗಾಗಿ ಇಸ್ತ್ರಿ ಮಾಡಿದ ಬಿಳಿ ಕೋಟು, ಒರಿಜಿನಲ್ ಸರ್ಟಿಫಿಕೇಟುಗಳ ಸಮೇತ ಚೀಲ ಪಕ್ಕದ ಮನೆಯ ಜಬೀನಾ ಅವರ ಕೈ ಸೇರಿತು. ಅಮ್ಮ ಶಾಸ್ತ್ರವನ್ನೆಲ್ಲ ಬಿಡಿಸಿ ಹೇಳಿದರು. ಜಬೀನಾ ಸೆರಗು ಸರಿಮಾಡಿಕೊಂಡು, ತಲೆಯಾಡಿಸುತ್ತ ಕೇಳಿಸಿಕೊಂಡರು.

ಬೆಳಿಗ್ಗೆ ಹೋಗಿ ನೋಡಿದರೆ ಅವರ ಬಾಗಿಲಿಗೆ ಬೀಗ. ಫೋನ್ ಮಾಡಿದೆ. ಒಳಗೇ ರಿಂಗಾಯಿತು.

“ಹುಲಿಯೂರುದುರ್ಗದ ಮಗಳ ಮನೆಗೆ ಹೊರಟುಬಿಟ್ರೇನೋ” ಅಂದಳು ನನ್ನ ಹೆಂಡತಿ. ಅಮ್ಮ ಮತ್ತೆ ಪಂಚಾಂಗ ತೆಗೆದರು. (ಅಮ್ಮ ಬೈದರೆ ನಮಗೆ ಧೈರ್ಯ. ಪಂಚಾಂಗ ತೆಗೆದರೆ ಭಯ.)

ಹೋಗಿ ಲ್ಯಾಬಿನ ಮೇಡಂಗೆ ಕೈಮುಗಿದಾದರೂ ಸ್ವಲ್ಪ ಸಮಯ ಕೇಳೋಣ ಅಂತ ಚಂದನಾಳನ್ನು ಸ್ಕೂಟರ್ ಹತ್ತಿಸಿದೆ. “ಚೀಲ ಸಿಗುತ್ತೆ ಬುಡು, ಹೆದರ್ಬೇಡ” ಅಂದೆ.

“ಚೀಲಕ್ಕಲ್ಲ ದೊಡ್ಡಪ್ಪ” ಅಂದಳು ಹಿಂದಿನಿಂದ. “ಕಾಲೇಜಲ್ಲಿ ಫ್ರೆಂಡ್ಸ್ ಕೈ ಚುಚ್ತಿದ್ವಿ. ತಪ್ಪಾದ್ರೆ ನಗಾಡ್ಕೊಂಡು ಬೈಯೋರು. ಇಲ್ಲಿ ಯಾರ್ದೋ ಕೈ. ನರ ಸಿಗ್ದೇ ಹೋದ್ರೆ?”

ಮನೆಯವರೆಲ್ಲ ಸೇರಿ ರಾಹುವಿಗೆ ಹೆದರಿದೆವು. ನಿನಗೆ ಯಾವುದರ ಭಯವಮ್ಮಾ ಅಂತ ಹುಡುಗಿಯನ್ನು ಕೇಳಿದವರು ಯಾರು?

ಲ್ಯಾಬಿನ ಬಾಗಿಲಲ್ಲೇ ನನ್ನ ಕಾಲು ನಿಂತಿತು. ಬೆಂಚಿನ ಮೇಲೆ ಜಬೀನಾ. ತೊಡೆಯ ಮೇಲೆ ಚೀಲ.

“ಚೀಲ ಮುಂದೆ ಹೋಗ್ಬೇಕು, ಹುಡ್ಗಿ ಹಿಂದೆ ಬರ್ಬೇಕು ಅಂತ ಅಮ್ಮ ಹೇಳಿದ್ರಲ್ಲ?” ಅಂದರು. “ನಮ್ಮನೇಲೇ ಇದ್ರೆ ಅದು ಮುಂದೆ ಹೋದಂಗೆ ಹೆಂಗಾಯ್ತದೆ? ಅದಕ್ಕೇ ರಾಹುಕಾಲ ಶುರುವಾಗೋಕ್ ಮೊದ್ಲೇ ತಂದ್ಬಿಟ್ಟೆ. ಆತ್ರದಲ್ಲಿ ಫೋನ್ ಮರೆತೆ.”

ಚಂದನಾ ಅಳಬೇಕೋ ನಗಬೇಕೋ ತಿಳಿಯದೆ ಕೋಟು ಹಾಕಿಕೊಂಡಳು. ಗುಂಡಿ ಒಂದು ತೂತಿನ ಬದಲು ಇನ್ನೊಂದಕ್ಕೆ ಸಿಕ್ಕಿತು.

“ಹೆಂಗೂ ಬಂದೀನಿ, ಏನೂ ತಿಂದಿಲ್ಲ. ಶುಗರ್ ಟೆಸ್ಟ್‌ಗೆ ಚೀಟಿ ಮಾಡ್ಸಿದೀನಿ” ಅಂತ ಜಬೀನಾ ಬಳೆ ಮೇಲಕ್ಕೇರಿಸಿ ಕೈ ಚಾಚಿದರು. “ನೀನೇ ತೆಗಿ ಬೇಟಾ.” ಮೇಡಂ ಆಗಲಿ ಅಂದರು.

ಮೊದಲ ಸಲ ನರ ಸಿಗಲಿಲ್ಲ. ಹುಡುಗಿ ಬೆವೆತುಹೋದಳು. ಲ್ಯಾಬಿನ ಮೇಡಂ ಕತ್ತೆತ್ತಿ ನೋಡಿದರು.

“ನಂದೇ ದಪ್ಪ ಕೈ. ಡಾಕ್ಟ್ರಿಗೂ ಸಿಗಲ್ಲ” ಅಂತ ಜಬೀನಾ ಮೇಡಂಗೆ ಕೇಳಿಸುವಷ್ಟು ಜೋರಾಗಿ ಹೇಳಿ, ಇನ್ನೊಂದು ಕೈ ಚಾಚಿದರು.

ಆ ಕೈಯಲ್ಲಿ ಸಿಕ್ಕಿತು.

ಸಂಜೆ ಅಮ್ಮ ಕೇಳಿದ್ದು ಒಂದೇ. “ಪರಸ್ಥಾನ ಕೆಲ್ಸ ಮಾಡ್ತು ತಾನೇ?” ಚಂದನಾ ಹೂಂ ಅಂದಳು. ಆಮೇಲೆ ರೂಮಿಗೆ ಹೋಗಿ ತನ್ನ ಎಡಗೈಯನ್ನೇ ಬೆರಳಿನಿಂದ ಒತ್ತಿ ಒತ್ತಿ ನರ ಹುಡುಕುತ್ತಿದ್ದಳು.

ಚೀಲಕ್ಕಾದರೆ ಒಳ್ಳೆಯ ಗಳಿಗೆ ನೋಡಬಹುದು. ನಾಳೆ ಅವಳ ಮುಂದೆ ಬಂದು ಕೂರುವ ಅಪರಿಚಿತರಿಗೆ ಇನ್ನೊಂದು ಕೈ ಚಾಚುವ ತಾಳ್ಮೆ ಇರುತ್ತಾ?