ಮುಟ್ಟದೆ ರೀಸ್ಟಾರ್ಟ್ ಮಾಡಿದ ಹನ್ನೆರಡು ಸರ್ವರ್‌ಗಳು

ಕೆಂಪಾಪುರದ ನಮ್ಮ ಆಫೀಸಿನ ಹನ್ನೆರಡು ಸರ್ವರ್‌ಗಳನ್ನು ಸಾಕಿದವನು ನಾನು. ನನ್ನಷ್ಟು ಚೆನ್ನಾಗಿ ಯಾರೂ ಸಾಕಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆಯವರಿಗೆ ಹೊಟ್ಟೆಕಿಚ್ಚು. 2016ರ ಸುಮಾರಿಗೆ, ಐವತ್ತಾರನೆಯ ವಯಸ್ಸಿನಲ್ಲಿ, ಲಾಗಿನ್ ಆದವರನ್ನೆಲ್ಲ ಆ ಸರ್ವರ್‌ಗಳು ‘ಊಟ ಆಯ್ತಾ?’ ಎಂದು ಕೇಳುವ ಹಾಗೆ ಮಾಡಿಟ್ಟಿದ್ದೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ಮ್ಯಾನೇಜರ್ ನಗಲಿಲ್ಲ. ನನ್ನ ಲಾಗಿನ್ ಕಿತ್ತುಕೊಂಡರು. ಇನ್ನು ಏನೇ ಆದರೂ ಸ್ಕ್ರಿಪ್ಟ್ ಮೂಲಕವೇ ಆಗಬೇಕು, ಕೈಯಿಂದ ಯಾರೂ ಸರ್ವರ್ ಮುಟ್ಟಕೂಡದು ಎಂದು ಆಜ್ಞೆಯಾಯಿತು.

ಆ ಸ್ಕ್ರಿಪ್ಟ್ ಬರೆದವನೂ ನಾನೇ. ಅದು ಹೊಸ ಫೈಲುಗಳನ್ನು ಸರ್ವರ್‌ಗಳಿಗೆ ಕಳಿಸುತ್ತದೆ. ಯಾವುದಾದರೂ ಫೈಲ್ ಬದಲಾಗಿದ್ದರೆ ನೆನಪಿಟ್ಟುಕೊಂಡು, ಉಳಿದ ಕೆಲಸವೆಲ್ಲ ಮುಗಿದ ಮೇಲೆ ಹನ್ನೆರಡೂ ಸರ್ವರ್‌ಗಳಲ್ಲಿ ವೆಬ್‌ಸೈಟನ್ನು ರೀಸ್ಟಾರ್ಟ್ ಮಾಡುತ್ತದೆ. ರೀಸ್ಟಾರ್ಟ್ ಆದರೆ ಮಾತ್ರ ಸೈಟು ಹೊಸ ಫೈಲನ್ನು ಓದುವುದು. ಏನೂ ಬದಲಾಗದಿದ್ದರೆ ತೆಪ್ಪಗಿರುತ್ತದೆ.

ಒಂದು ದಿನ ಸಂಜೆ ಐದಕ್ಕೆ ನಮ್ಮ ಸೈಟಿನ ಸೆಕ್ಯೂರಿಟಿ ಸರ್ಟಿಫಿಕೇಟಿನ ಅವಧಿ ಮುಗಿಯುವುದಿತ್ತು; ಮುಗಿದರೆ ‘ಈ ಸೈಟು ಸುರಕ್ಷಿತವಲ್ಲ’ ಎಂದು ಬ್ರೌಸರ್‌ಗಳು ಜನರನ್ನು ಬಾಗಿಲಲ್ಲೇ ತಡೆಯುತ್ತವೆ. ಬೆಳಿಗ್ಗೆ ಮ್ಯಾನೇಜರೇ ಸ್ಕ್ರಿಪ್ಟ್ ಓಡಿಸಿದರು. ಹೊಸ ಸರ್ಟಿಫಿಕೇಟ್ ಸರ್ವರ್‌ಗಳಲ್ಲಿ ಹೋಗಿ ಕೂತಿತು. ಅಷ್ಟರಲ್ಲಿ ನೆಟ್‌ವರ್ಕ್ ಕೈಕೊಟ್ಟು ಸ್ಕ್ರಿಪ್ಟ್ ಅರ್ಧಕ್ಕೆ ನಿಂತಿತು. ಮತ್ತೆ ಓಡಿಸಿದರು. ಈ ಸಲ ಪರದೆಯ ತುಂಬ ಹಸಿರು, ಎಲ್ಲ ಸರಿ. ಮೂರು ಗಂಟೆಗೆ ನೋಡಿದರೆ ಸೈಟು ಇನ್ನೂ ಹಳೆಯ ಸರ್ಟಿಫಿಕೇಟನ್ನೇ ತೋರಿಸುತ್ತಿದೆ.

“ನಿಮ್ ಸ್ಕ್ರಿಪ್ಟೇ ಸರಿಯಿಲ್ಲ ಸಾರ್,” ಎಂದರು ಮ್ಯಾನೇಜರ್. “ಐದು ಗಂಟೆಗೆ ಸೈಟ್ ಬಿದ್ರೆ ನಾಳೆಯಿಂದ ಬೇಸ್‌ಮೆಂಟ್ ಸ್ಟೋರ್ ರೂಮಲ್ಲಿ ಮೌಸ್ ಎಣಿಸ್ಕೊಂಡಿರಿ.”

“ಸ್ಕ್ರಿಪ್ಟಿಗೆ ಏನೂ ಆಗಿಲ್ಲ ಕಣ್ರೀ. ಮೊದಲ್ನೇ ಸಲ ಫೈಲ್ ಬದಲಾಯ್ತು, ರೀಸ್ಟಾರ್ಟ್ ಮಾಡೋಕ್ ಮುಂಚೆನೇ ನಿಂತೋಯ್ತು. ಎರಡನೇ ಸಲ ಹೋದಾಗ ಫೈಲ್ ಆಗ್ಲೇ ಹೊಸದು. ಏನೂ ಬದಲಾಗಿಲ್ವಲ್ಲ ಅಂತ ಅದು ಸುಮ್ನಾಯ್ತು. ಒಂದ್ ನಿಮಿಷ ಲಾಗಿನ್ ಕೊಡಿ, ರೀಸ್ಟಾರ್ಟ್ ಮಾಡ್ತೀನಿ.”

“ಮುಟ್ಟಂಗಿಲ್ಲ ಅಂದ್ಮೇಲೆ ಮುಟ್ಟಂಗಿಲ್ಲ.”

“ಆಯ್ತು ಬಿಡಿ. ಮುಟ್ಟಲ್ಲ.”

ಸ್ಟೋರ್ ರೂಮಿಗೆ ನಾನು? ನನ್ನ ಹೆಣ ಹೋಗಬೇಕು! ಸ್ಕ್ರಿಪ್ಟ್ ಸರ್ವರ್‌ಗಳಿಗೆ ಕಳಿಸುವ ಸೈಟಿನ ಸೆಟ್ಟಿಂಗ್ ಫೈಲನ್ನು ನನ್ನ ಕಂಪ್ಯೂಟರಿನಲ್ಲೇ ತೆರೆದೆ. ಕಂಪ್ಯೂಟರ್ ಲೆಕ್ಕಕ್ಕೆ ತೆಗೆದುಕೊಳ್ಳದ, ಮನುಷ್ಯರು ಮಾತ್ರ ಓದುವ ಟಿಪ್ಪಣಿಯ ಸಾಲೊಂದನ್ನು ಅದರ ನೆತ್ತಿಯ ಮೇಲೆ ಬರೆದೆ: ‘ಮ್ಯಾನೇಜರ್ ಸಾಹೇಬರು ಮುಟ್ಟಬೇಡಿ ಅಂದಿದ್ದಾರೆ.’ ಸ್ಕ್ರಿಪ್ಟ್ ಓಡಿಸಿದೆ. ಫೈಲ್ ಬದಲಾಗಿದೆ ಎಂದುಕೊಂಡ ಸ್ಕ್ರಿಪ್ಟ್ ಕೊನೆಯಲ್ಲಿ ಹನ್ನೆರಡನ್ನೂ ಶಿಸ್ತಾಗಿ ರೀಸ್ಟಾರ್ಟ್ ಮಾಡಿತು. ಹೊಸ ಸರ್ಟಿಫಿಕೇಟ್ ಎದ್ದು ಬಂತು. ಗಂಟೆ ನಾಲ್ಕೂ ಆಗಿರಲಿಲ್ಲ.

ಏನು ಬದಲಾಯಿತೆಂದು ನೋಡಿದ ಮ್ಯಾನೇಜರ್ ಕೆಂಪಗಾಗಿ ಬಂದರು. “ಏನ್ ಸಾರ್ ಈ ತರ್ಲೆ? ಆ ಸಾಲು ಈಗ್ಲೇ ತೆಗೀರಿ!”

“ತೆಗೀಬೋದು. ತೆಗೆದ್ರೆ ಅದೂ ಬದಲಾವಣೆನೇ ಅಲ್ವಾ? ಹನ್ನೆರಡೂ ಮತ್ತೆ ರೀಸ್ಟಾರ್ಟ್ ಆಗ್ತವೆ. ಸೈಟ್ ತುಂಬಾ ಕಸ್ಟಮರ್‌ಗಳಿದ್ದಾರೆ. ಯಾಕೆ ಏನು ಅಂತ ಮೇಲಿನವ್ರಿಗೆ ನೀವೇ ಬರೆದು ಪರ್ಮಿಷನ್ ತನ್ನಿ.”

ಅವರು ಬರೆಯಲಿಲ್ಲ. ನಾನು ರಿಟೈರ್ ಆದದ್ದು ಮೂರನೇ ಮಹಡಿಯ ಅದೇ ಕುರ್ಚಿಯಿಂದ. ಆ ಸಾಲು ಇನ್ನೂ ಅಲ್ಲೇ ಇರಬೇಕು. ಯಾರಾದರೂ ತೆಗೆದಿದ್ದರೆ, ತೆಗೆಯಲು ಅನುಮತಿ ಯಾರದು ಎಂದು ಕೇಳಿ ನೋಡಿ.