ಫಿಜಿಗೆ ಹಾಡು ಕೇಳಲು ಹೋದದ್ದು

ಮುಂಬಯಿ ಪಕ್ಕದ ಠಾಣೆ ಊರಿನ ಕಿವಿ ಡಾಕ್ಟರು ಗ್ರಾಫಿನ ಕಾಗದವನ್ನು ನನ್ನ ಕಡೆಗೆ ತಿರುಗಿಸಿ ಇಟ್ಟರು. ಗೆರೆ ಬಲಕ್ಕೆ ಹೋದಂತೆ ಇಳಿಜಾರಾಗಿ ಕೆಳಗೆ ಬೀಳುತ್ತಿತ್ತು. ಚೂಪಾದ ಸದ್ದುಗಳು ಮೊದಲು ಹೋಗುತ್ತವೆ, ದಪ್ಪ ಸದ್ದುಗಳು ಕೊನೆಗೆ, ಎಂದರು. ಎಷ್ಟು ವರ್ಷದಲ್ಲಿ ಎಂದು ಕೇಳಿದೆ. ಅದನ್ನು ಹೇಳಲಾಗುವುದಿಲ್ಲ, ಸದ್ಯಕ್ಕೆ ಕಿವಿಗೆ ಮಷೀನು ಹಾಕಿಕೊಳ್ಳಿ ಎಂದರು.

ಡೊಂಬಿವಿಲಿಯಿಂದ ಠಾಣೆಗೆ ಮೂವತ್ತು ವರ್ಷ ಲೋಕಲ್ ರೈಲಿನಲ್ಲಿ ನಿಂತೇ ಹೋಗಿ ಬಂದ ಗುಮಾಸ್ತೆ ನಾನು. ಅಷ್ಟು ವರ್ಷಗಳಲ್ಲಿ ರೇಡಿಯೋ, ಟೀವಿಯ ಹಂಗಿಲ್ಲದೆ ಕೇಳಿದ ಹಾಡೆಂದರೆ ಪಕ್ಕದ ಗಂಡಸರ ಡಬ್ಬಿಯಿಂದ ತಾಳದ ಜೊತೆ ತೇಲಿ ಬರುತ್ತಿದ್ದ ಭಜನೆ ಮಾತ್ರ. ಊರಲ್ಲಿ ಸಂಗೀತ ಕಾರ್ಯಕ್ರಮ ಇರುವ ಸಂಜೆಗಳಲ್ಲೆಲ್ಲ ನಾನು ಕುಕ್ಕರಿನ ಎದುರು ನಿಂತಿರುತ್ತಿದ್ದೆ. ಮಗಳು ದೊಡ್ಡವಳಾಗಲಿ, ರಿಟೈರ್ ಆಗಲಿ, ಆಮೇಲೆ ಕೇಳೋಣ ಎಂದು ಮುಂದೂಡಿದ್ದೆ. ಈಗ ರಿಟೈರ್ ಆಗಿತ್ತು, ಕಿವಿ ಹೊರಟು ನಿಂತಿತ್ತು.

ಅದೇ ವಾರ ಕಲ್ಯಾಣದ ಗೆಳತಿ ಫೋನು ಮಾಡಿದಳು. ಇಪ್ಪತ್ತು ವರ್ಷ ಒಂದೇ ಲೇಡೀಸ್ ಡಬ್ಬಿಯಲ್ಲಿ ನನ್ನ ಜೊತೆ ಓಡಾಡಿದ ಮರಾಠಿ ಹೆಂಗಸು. ಹೆಂಗಸರದೇ ಒಂದು ಗುಂಪು ಫಿಜಿ ದ್ವೀಪಕ್ಕೆ ಹೋಗುತ್ತಿದೆ, ಬರುತ್ತೀಯಾ ಎಂದಳು. ಮೊಬೈಲಿನಲ್ಲಿ ಹುಡುಕಿದೆ. ಅಲ್ಲಿ ಮನೆಮನೆಯಲ್ಲೂ ಗಿಟಾರು, ಚರ್ಚುಗಳಲ್ಲಿ ಊರಿಗೆ ಊರೇ ಹಾಡುತ್ತದೆ ಎಂದಿತ್ತು. ನಾವು ಹೋಗುವ ದಿನಗಳಲ್ಲೇ ಒಂದು ಸಂಗೀತೋತ್ಸವವೂ ಕಂಡಿತು. ಹೆಸರು ಕೊಡು ಎಂದೆ.

ಮನೆಯಲ್ಲಿ ಗಲಾಟೆಯಾಯಿತು. ನನ್ನ ಗಂಡ ಉಡುಪಿ ಕಡೆಯವರು, ಸ್ಟೇಷನ್ನಿನ ಹತ್ತಿರದ ಹೊಟೆಲಿನ ಹಣದ ಗಲ್ಲೆಯಲ್ಲಿ ಕೂತು ಕೂತು ಎಲ್ಲರಿಗೂ ತೀರ್ಪು ಹೇಳುವುದು ಅಭ್ಯಾಸವಾದವರು.

"ಕಿವಿ ಕೇಳುದಿಲ್ಲ ಅಂತಿ. ಸಂಗೀತ ಕೇಳ್ಲಿಕ್ಕೆ ಫಿಜಿಗೆ ಹೋಗುದಾ? ಎಂತ ಮಾರಾಯ್ತಿ ಇದು!"

"ಕೇಳುದು ನಿಂತ ಮೇಲೆ ಹೋಗ್ಬೇಕಿತ್ತಾ?" ಎಂದೆ.

ಕೋಪರಖೈರಣೆಯಿಂದ ಬಂದಿದ್ದ ಮಗಳು, "ಮಮ್ಮಿ, ಯೂಟ್ಯೂಬ್ ಪೇ ಸಬ್ ಹೈ. ಘರ್ ಮೇ ಬೈಠ್ ಕೇ ಸುನೋ ನಾ," ಎಂದಳು.

"ಮನೆಯಲ್ಲಿ ಕೂತು ಕೇಳಿದ್ರೆ ಅದು ಕಿವಿಗೆ ಮಾತ್ರ ಬರ್ತದೆ. ನನಗೆ ಮೈಗೆ ಬರುವಂಥದ್ದು ಬೇಕು," ಎಂದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ. ಆದರೆ ಈ ಮಾತು ಅರ್ಥವಾಗಲಿಲ್ಲವೆಂದು ಮುಖ ಹೇಳಿತು.

ಹೋದೆ.

ಮೊದಲ ಸಂಜೆ ಹೊಟೆಲಿನಲ್ಲಿ ಪ್ರವಾಸಿಗಳಿಗೆಂದೇ ನಾಚ್. ಹುಡುಗರು ಚೆನ್ನಾಗಿಯೇ ಕುಣಿದರು. ಡೋಲು ಮಾತ್ರ ಎಲ್ಲೂ ಕಾಣಲಿಲ್ಲ, ಸದ್ದೆಲ್ಲ ಸ್ಪೀಕರಿನದು. ನನ್ನ ಕಿವಿಯ ಮಷೀನು ಸೀಟಿ ಹೊಡೆಯತೊಡಗಿತು, ಕಿತ್ತು ಪರ್ಸಿಗೆ ಹಾಕಿದೆ. ಮರುದಿನ ಬೆಳಿಗ್ಗೆ ಕೌಂಟರಿನ ಹುಡುಗಿಗೆ ಮೊಬೈಲಿನಲ್ಲಿದ್ದ ಸಂಗೀತೋತ್ಸವದ ಪುಟ ತೋರಿಸಿದೆ. ಅವಳು ಓದಿ ಪಾಪ ಎಂಬಂತೆ ನಕ್ಕಳು. ಅದು ಹೋದ ವರ್ಷದ್ದು, ಪುಟವನ್ನು ಯಾರೂ ತೆಗೆದಿಲ್ಲ ಅಷ್ಟೆ.

"ಜಾವೂ ದೇ, ಹೋಗಲಿ ಬಿಡು," ಎಂದಳು ಗೆಳತಿ, "ಸಮುದ್ರ ನೋಡೋಣ."

ಸಮುದ್ರ ಊರಲ್ಲಿ ವಾಶಿಯ ಸೇತುವೆಯಿಂದಲೂ ಕಾಣುತ್ತದೆ. ಗುಂಪು ಶಾಪಿಂಗಿಗೆ ಹೊರಟಾಗ ನಾನು ಅವಳ ಕೈ ಹಿಡಿದು ನಾಂದಿ ಪಟ್ಟಣದ ತರಕಾರಿ ಮಾರ್ಕೆಟಿಗೆ ಎಳೆದುಕೊಂಡು ಹೋದೆ. ಊರಿನ ಸುದ್ದಿಯೆಲ್ಲ ಮೊದಲು ಮಾರ್ಕೆಟಿಗೆ ಬರುತ್ತದೆ.

ಮೆಣಸಿನಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದ ಮುದುಕಿಯೊಬ್ಬಳು ನಮ್ಮ ಸೀರೆ ನೋಡಿ ಕರೆದಳು. ಅವಳ ಮುತ್ತಜ್ಜಿ ಕಬ್ಬಿನ ಗದ್ದೆಯ ಕೂಲಿಗೆಂದು ಭಾರತದಿಂದ ಹಡಗು ಹತ್ತಿ ಬಂದವಳಂತೆ. ಹಾಡು ಎಲ್ಲಿ ಸಿಗುತ್ತದೆ ಎಂದು ಹಿಂದಿಯಲ್ಲಿ ಕೇಳಿದೆ.

"ಮಂಗಲ್ ಕೇ ಹಮಾರ್ ಘರೇ ರಾಮಾಯಣ್ ಹೈ. ಆವೋ ನಾ," ಎಂದಳು, ಮಂಗಳವಾರ ಅವರ ಮನೆಯಲ್ಲಿ ರಾಮಾಯಣ ಹಾಡುವುದಿತ್ತು. ಪಕ್ಕದಲ್ಲಿ ಗೆಡ್ಡೆ ಮಾರುತ್ತಿದ್ದ ಅಲ್ಲಿನ ಮೂಲನಿವಾಸಿ ಹೆಂಗಸು ಇದನ್ನೆಲ್ಲ ಕೇಳಿಸಿಕೊಂಡು, ಭಾನುವಾರ ನಮ್ಮ ಚರ್ಚಿಗೂ ಬನ್ನಿ ಎಂದು ಹಿಂದಿಯಲ್ಲೇ ಕರೆದಳು. ಒಂದು ಗಳಿಗೆಯಲ್ಲಿ ಎರಡು ಆಮಂತ್ರಣ.

ನಮ್ಮ ಟೂರ್ ಮ್ಯಾನೇಜರ್ ಒಪ್ಪಲಿಲ್ಲ. "ಆಂಟಿ, ಪ್ರೋಗ್ರಾಂ ಮೇ ನಹೀ ಹೈ. ಕುಛ್ ಹೋ ಗಯಾ ತೋ ಜವಾಬ್ದಾರಿ ಕೌನ್ ಲೇಗಾ?"

"ಮೈ ಲೂಂಗಿ," ಎಂದೆ. ಹಾಗಾದರೆ ಜವಾಬ್ದಾರಿ ನಿಮ್ಮದೇ ಎಂದು ಬರೆದುಕೊಡಿ ಎಂದ. ಮೂವತ್ತು ವರ್ಷ ಬೇರೆಯವರ ಅರ್ಜಿಗಳಿಗೆ ಠಸ್ಸೆ ಒತ್ತಿದವಳಿಗೆ ಒಂದು ಅರ್ಜಿ ಬರೆಯಲು ಎಷ್ಟು ಹೊತ್ತು? ಅವನ ಎದುರೇ ಸಹಿ ಹಾಕಿದೆ. ಗೆಳತಿ ಕೆಳಗೆ ತನ್ನದನ್ನೂ ಹಾಕಿದಳು.

ಮಂಗಳವಾರ ಸಂಜೆ ಕಬ್ಬಿನ ಗದ್ದೆಗಳ ನಡುವಿನ ತಗಡಿನ ಮನೆಯಲ್ಲಿ ಚಾಪೆಯ ಮೇಲೆ ಕೂತೆವು. ಹಾರ್ಮೋನಿಯಂ, ಢೋಲಕ್, ಜೊತೆಗೆ ಉದ್ದನೆಯ ಕಬ್ಬಿಣದ ಸರಳೊಂದನ್ನು ಸಣ್ಣ ಕಡ್ಡಿಯಿಂದ ಬಾರಿಸುವವನೊಬ್ಬ. ದಂಡತಾಳ ಎಂದರು. ಕಡ್ಡಿ ಸರಳಿಗೆ ತಾಗುವುದು ಕಾಣುತ್ತಿತ್ತು, ಸದ್ದು ಮಾತ್ರ ನನಗೆ ಬರಲಿಲ್ಲ. ಮಷೀನನ್ನು ಹೆಚ್ಚಿಸಿದೆ, ಬರೀ ಗೊರಗೊರ. ಗೆಳತಿಯ ಕಿವಿಯಲ್ಲಿ ಕೇಳಿದೆ, "ಅದು ನಿನಗೆ ಕೇಳಿಸ್ತಾ?" ಅವಳು ಹೌದೆಂದು ತಲೆಯಾಡಿಸಿದಳು, ಆಮೇಲೆ ನನ್ನ ಮುಖ ನೋಡಿ ತಲೆ ತಗ್ಗಿಸಿದಳು.

ಅಳು ಬರಲಿಲ್ಲ, ಸಿಟ್ಟು ಬಂತು. ಇಷ್ಟು ದೂರ ಬಂದು ಸುಮ್ಮನೆ ಕೂರುವವಳಲ್ಲ ನಾನು. ಮಷೀನು ತೆಗೆದಿಟ್ಟು, ಚಾಪೆಯ ಮೇಲೆ ಜರುಗುತ್ತಾ ಗಂಡಸರ ನಡುವೆ ನುಗ್ಗಿ ಢೋಲಕಿನ ಪಕ್ಕ ಹೋಗಿ ಕೂತೆ. ಅಂಗೈಯನ್ನು ಹಲಗೆ ನೆಲಕ್ಕೆ ಊರಿದೆ. ಪ್ರತಿ ಪೆಟ್ಟೂ ಕೈಯಿಂದ ಮೇಲೆ ಹತ್ತಿ ಎದೆಗೆ ಬಂತು. ಢೋಲಕಿನವನು ನಕ್ಕು ಎಡಗೈಯ ಪೆಟ್ಟನ್ನು ಇನ್ನಷ್ಟು ಜೋರು ಮಾಡಿದ. ಕೊನೆಗೆ, ನಿಮ್ಮ ಭಾಷೆಯದೊಂದು ಹಾಡಿ ಎಂದರು. ಶ್ರುತಿ ಎಲ್ಲಿ ನಿಂತಿತೋ ನನಗೆ ಗೊತ್ತಾಗಲಿಲ್ಲ. ಅಮ್ಮ ಹೇಳಿಕೊಟ್ಟ ಒಂದು ದೇವರ ಹಾಡನ್ನು ಪೂರ್ತಿ ಹಾಡಿದೆ, ಒಂದು ಚರಣವನ್ನೂ ಬಿಡಲಿಲ್ಲ.

ಭಾನುವಾರ ಚರ್ಚಿನ ಅಂಗಳದಲ್ಲಿ ಕೊರೆದ ಮರದ ದಿಮ್ಮಿಯನ್ನು ಬಾರಿಸಿ ಜನರನ್ನು ಕರೆಯುತ್ತಿದ್ದರು. ಒಳಗೆ ವಾದ್ಯವೊಂದೂ ಇರಲಿಲ್ಲ. ಪಂಚೆಯಂಥದ್ದನ್ನು ಉಟ್ಟ ದಪ್ಪ ದಪ್ಪ ಗಂಡಸರು ನಮ್ಮ ಹಿಂದಿನ ಸಾಲುಗಳಲ್ಲಿ ಎದ್ದು ನಿಂತು ಒಮ್ಮೆಗೇ ಬಾಯಿ ತೆರೆದರು. ಬೆಂಚು ನಡುಗಿತು. ಬೆನ್ನುಹುರಿಯಲ್ಲಿ ಹತ್ತಿಕೊಂಡು ಬಂದ ಆ ಕೆಳಸ್ವರ ನನಗೆ ಮಷೀನಿಲ್ಲದೆಯೇ ಕೇಳಿತು, ಒಂದು ಎಳೆಯೂ ತಪ್ಪಲಿಲ್ಲ. ಹೆಂಗಸರ ಮೇಲುಸ್ವರ ನನ್ನ ಪಾಲಿಗೆ ಇರಲಿಲ್ಲ, ಆದರೆ ಗೆಳತಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ಒರೆಸಿಕೊಳ್ಳದೆ ಹಾಗೇ ಬಿಟ್ಟೆ.

ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ಕೇಳಿದರು, "ಕೇಳಿತಾ?"

"ಅರ್ಧ ಕೇಳಿತು. ಇನ್ನರ್ಧ ನನಗೆ ಇನ್ನು ಕೇಳುದಿಲ್ಲ ಅಂತ ಗೊತ್ತಾಯ್ತು. ಇರುವ ಅರ್ಧವನ್ನು ನಾನು ಬಿಡುದಿಲ್ಲ."

ಅವರು ನನ್ನ ಪೆಟ್ಟಿಗೆ ಒಳಗೆ ತಂದಿಟ್ಟರು.

ಆಮೇಲೆ ನಾನು ಯಾವ ಕಾರ್ಯಕ್ರಮವನ್ನೂ ಬಿಟ್ಟಿಲ್ಲ. ಠಾಣೆಯ ಸಭಾಗೃಹದಲ್ಲಿ ತಬಲಾದ ಬದಿಯ ಮೊದಲ ಸಾಲಿನ ಸೀಟೇ ಬೇಕೆಂದು ಜಗಳವಾಡಿದ್ದೇನೆ. ಮೊನ್ನೆ ವಾಶಿಯಲ್ಲಿ ನಮ್ಮವರ ಯಕ್ಷಗಾನ ಇತ್ತು. ಹಿರಿಯರಿಗೆಂದು ಹಿಂದೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿದ್ದರು. ನಾನು ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಹೋಗಿ ರಂಗದ ಪಕ್ಕ, ಚೆಂಡೆ ಮದ್ದಳೆಗಳಿಂದ ಎರಡು ಮಾರು ದೂರದಲ್ಲಿ ಹಾಕಿದೆ. ವ್ಯವಸ್ಥಾಪಕರೊಬ್ಬರು ಓಡಿ ಬಂದರು.

"ಅಮ್ಮಾ, ಇಲ್ಲಿ ಭಯಂಕರ ಸದ್ದು ಉಂಟು. ಹಿಂದೆ ಕೂತ್ಕೊಳ್ಳಿ."

"ಸದ್ದಿಗೇ ಬಂದದ್ದು ನಾನು," ಎಂದು ಕೂತೆ.

ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಕುರ್ಚಿ ಬಂದು ನಿಂತಿತು. ನನ್ನ ಗಂಡ. ಎರಡೂ ಕಿವಿಗೆ ಬೆರಳು ತುರುಕಿಕೊಂಡು, ರಂಗದ ಬೆಳಕಿನ ಕಡೆ ಮುಖ ಮಾಡಿ, ಆಟ ಮುಗಿಯುವ ತನಕ ಅಲ್ಲೇ ಕೂತಿದ್ದರು.